ಮೀನಿನ ಏಕಾದಶಿ

ಮನೆಯಲ್ಲಿ ಏನೇ ಕೆಟ್ಟರೂ ಎಲ್ಲರ ಕಣ್ಣು ಮೊದಲು ಹೋಗುವುದು ಅಡುಗೆಮನೆಯ ಕಡೆಗೆ. ಹೊಟ್ಟೆ ಕೆಟ್ಟರೆ ನನ್ನ ಪಲ್ಯ, ನಿದ್ದೆ ಕೆಟ್ಟರೆ ನನ್ನ ಚಹಾ, ಮೂಡು ಕೆಟ್ಟರೆ ನನ್ನ ಮಾತು. ಇಪ್ಪತ್ತಾರು ವರ್ಷ ಈ ಅನ್ಯಾಯವನ್ನು ಪಾಂಡುರಂಗನ ಮುಂದೆ ಹೇಳಿಕೊಳ್ಳುತ್ತಾ ಬಂದಿದ್ದೇನೆ. ಆದರೆ ಒಂದೇ ಒಂದು ಸಲ ತಪ್ಪು ನಿಜವಾಗಿಯೂ ಅಡುಗೆಮನೆಯಿಂದಲೇ ಹೊರಟಿತ್ತು. ಆಗ ಮಾತ್ರ ಯಾರೂ ಈ ಕಡೆ ನೋಡಲಿಲ್ಲ. ಅದನ್ನೂ ಅವನ ಕೃಪೆ ಎಂದುಕೊಂಡು ಎರಡು ತಿಂಗಳು ಬಾಯಿ ಮುಚ್ಚಿ ಕೂತಿದ್ದೆ.

ನಮ್ಮ ಮನೆಯವರು ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರರು. ಅವರ ವಯಸ್ಸಿನ ಗಂಡಸರು ಸಂಜೆ ಕಟ್ಟೆಯ ಮೇಲೆ ಕೂತು ದೇಶ ನಡೆಸಿದರೆ, ಇವರು ಹೊರಕೋಣೆಯಲ್ಲಿ ಒಂದು ಸಮುದ್ರ ನಡೆಸುತ್ತಾರೆ. ನಾಲ್ಕು ಅಡಿಯ ಗಾಜಿನ ಪೆಟ್ಟಿಗೆ, ಒಳಗೆ ಕಲ್ಲು, ಕಲ್ಲಿನ ಮೇಲೆ ಜೀವಂತ ಹವಳ, ಅದರ ಸುತ್ತ ಕೇಸರಿ ಮೈಗೆ ಬಿಳಿ ಪಟ್ಟೆಯ ಎರಡು ಮೀನು. ಇವಕ್ಕೆ ಉಪ್ಪುನೀರೇ ಆಗಬೇಕು. ಹಾಗಾಗಿ ಪ್ರತಿ ರವಿವಾರ ಫಿಲ್ಟರಿನ ಶುದ್ಧ ಸಿಹಿನೀರನ್ನು ಬಕೀಟಿನಲ್ಲಿ ಹಿಡಿದು, ಚೀಲದ ಉಪ್ಪು ಸುರಿದು, ಕೋಲಿನಿಂದ ಕದಡುತ್ತಾರೆ. ಕಾಗವಾಡದ ಕಡೆ ನನ್ನ ತವರಿನ ಎರಡು ಎಕರೆ ಹೊಲ ಕಬ್ಬಿಗೆ ನೀರು ಬಿಟ್ಟೂ ಬಿಟ್ಟೂ ಸವಳು ಹಿಡಿದು, ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಎದ್ದು ಕೂತಿದೆ. ಅದನ್ನು ಇಳಿಸಲು ನನ್ನ ತಮ್ಮ ನೆಲದೊಳಗೆ ಪೈಪು ಹೂಳಿ ಒದ್ದಾಡುತ್ತಿದ್ದಾನೆ. ಇವರು ಉಪ್ಪು ಕದಡುವುದನ್ನು ಅವನು ಒಮ್ಮೆ ನಿಂತು ನೋಡಿದ. "ಮಾಮಾ, ನಮ್ಮ ಹೊಲಾನ ತಂದ ಇಲ್ಲಿ ಇಟ್ಟ ಬಿಡೂಣೇನ್ರಿ? ಉಪ್ಪು ಅದರಾಗ ಪುಕ್ಕಟ ಐತಿ" ಎಂದ. ಮಾಸ್ತರರಿಗೆ ನಗು ಬರಲಿಲ್ಲ. ಸಮುದ್ರದ ವಿಷಯದಲ್ಲಿ ಅವರು ಬಹಳ ಗಂಭೀರ.

ಉಪ್ಪಿಗಿಂತ ದೊಡ್ಡ ತಲೆನೋವು ನೈಟ್ರೇಟು. ಮೀನು ತಿಂದದ್ದು, ಬಿಟ್ಟದ್ದು, ಹೊರಹಾಕಿದ್ದು ಎಲ್ಲ ಕೊಳೆತು ಕೊನೆಗೆ ನೀರಿನಲ್ಲಿ ನೈಟ್ರೇಟಾಗಿ ಉಳಿಯುತ್ತದಂತೆ. ಅದು ಹೆಚ್ಚಾದರೆ ಕಲ್ಲಿಗೆ ಪಾಚಿ, ಹವಳಕ್ಕೆ ಕಷ್ಟ. ಪೂರ್ತಿ ಇಲ್ಲವಾದರೂ ಹವಳ ಹಸಿದು ಬೆಳ್ಳಗಾಗುತ್ತದಂತೆ. ತಿನ್ನಿಸಿದರೂ ಸೊರಗುವ, ತಿನ್ನಿಸದಿದ್ದರೂ ಸೊರಗುವ ಇಂಥ ಕೂಸನ್ನು ನಾನಂತೂ ಸಾಕಿಲ್ಲ. ದಿನಾ ಸಂಜೆ ಚಹಾ ಆದ ಮೇಲೆ ಇವರು ಸಣ್ಣ ಗಾಜಿನ ನಳಿಕೆಯಲ್ಲಿ ಆ ನೀರು ಹಿಡಿದು, ಹನಿ ಔಷಧ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಹಳದಿಯಾದರೆ ಐದು, ಕ್ಷೇಮ. ಕೆಂಪಾದರೆ ಇಪ್ಪತ್ತರ ಮೇಲೆ, ಅಂದು ರಾತ್ರಿ ಊಟಕ್ಕೆ ರುಚಿಯಿಲ್ಲ. ಎಲ್ಲವೂ ಒಂದು ನೋಟುಬುಕ್ಕಿನಲ್ಲಿ ದಾಖಲು.

ಹವಳವೆಂದರೆ ಕಲ್ಲಲ್ಲ, ಪ್ರಾಣಿ ಎಂದು ಇವರು ಹೇಳಿದ ದಿನ ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ತಾಳಿಯ ಆಚೆ ಈಚೆ ಎರಡೆರಡು ಹವಳ. ನಮ್ಮದು ತುಳಸಿಮಾಲೆ ಹಾಕಿ ವರ್ಷಾ ಪಂಢರಪುರದ ಯಾತ್ರೆ ಮಾಡುವ ವಾರಕರಿ ಮನೆತನ. ಮಾಂಸ, ಮದ್ಯ ಹೊಸ್ತಿಲು ದಾಟಿ ಬರುವಂತಿಲ್ಲ. ನಾನೋ ಇಷ್ಟು ವರ್ಷ ಪ್ರಾಣಿಯ ಎಲುಬು ಕಟ್ಟಿಕೊಂಡು ಪೂಜೆ ಮಾಡಿದ್ದೇನೆ. "ಮೊದಲ ಹೇಳಬಾರದೇನ್ರಿ?" ಎಂದರೆ, "ಮದುವ್ಯಾಗ ಹೇಳಾಕ ಬರ್ತಿತ್ತೇನ?" ಎಂದರು.

ಹೀಗೆ ಒಮ್ಮೆ ಅನುಮಾನ ಹೊಕ್ಕಿತೆಂದರೆ ನಿಲ್ಲುವುದಿಲ್ಲ. ಮೀನಿಗೆ ಹಾಕುವ ಸಣ್ಣ ಕಾಳಿನ ಡಬ್ಬಿಯನ್ನು ಅಂದೇ ತಿರುಗಿಸಿ ನೋಡಿದೆ. ರವೆಯಂಥದ್ದೇನೋ ಎಂದುಕೊಂಡಿದ್ದೆ, ಡಬ್ಬಿಯ ಹಿಂದೆ ಮೀಸೆ ಬಿಟ್ಟ ಸಿಗಡಿಯ ಚಿತ್ರವಿತ್ತು. ಬೇರೆ ದಿನ ಹೋಗಲಿ, ಅದು ಅವುಗಳ ಜಾತಿಧರ್ಮ ಎನ್ನಬಹುದು. ಆದರೆ ಏಕಾದಶಿಯ ದಿನ ನಮ್ಮ ಛಾವಣಿಯ ಕೆಳಗೆ ಸಿಗಡಿ? ಮುಂದಿನ ಏಕಾದಶಿ ಬೆಳಿಗ್ಗೆ, "ಮೀನಿಗೆ ನಾ ಹಾಕ್ತೀನ್ರಿ, ನೀವು ಸಾಲಿಗೆ ನಡೀರಿ" ಎಂದು ಇವರನ್ನು ಕಳಿಸಿದೆ. ಪಾಂಡುರಂಗನಿಗೆ ನೈವೇದ್ಯವಾದ, ಉಪವಾಸಕ್ಕೆ ನಡೆಯುವ ಸಬ್ಬಕ್ಕಿಯ ಸಾಬೂದಾನಿ ಖಿಚಡಿಯಲ್ಲಿ ಒಂದು ಚಿಟಿಕೆ ನುಣ್ಣಗೆ ಹಿಸುಕಿ, ಮೇಲಿಷ್ಟು ಶೇಂಗಾ ಪುಡಿ ಉದುರಿಸಿ ನೀರಿಗೆ ಬಿಟ್ಟೆ. ಎರಡೂ ಓಡಿ ಬಂದು ಬಾಯಿ ಹಾಕಿದವು. ಅಂಥ ಭಕ್ತಿ ನಾನು ಮನುಷ್ಯರಲ್ಲೂ ಕಂಡಿಲ್ಲ. ಉಳಿದದ್ದು ಕಲ್ಲಿನ ಸಂದಿಗೆ ಇಳಿಯಿತು. ಮಧ್ಯಾಹ್ನಕ್ಕೆ ತಿನ್ನುತ್ತವೆ ಎಂದುಕೊಂಡೆ.

ಎರಡು ದಿನಕ್ಕೆ ನಳಿಕೆ ಕೆಂಪಾಯಿತು. ಇವರು ನೀರು ಬದಲಿಸಿದರು, ಇಳಿಯಿತು. ಹದಿನೈದು ದಿನಕ್ಕೆ ಮತ್ತೆ ಕೆಂಪು. ಹೀಗೆ ನಾಲ್ಕು ಸಲ. ಹೂವಿನಂತೆ ಅರಳಿ ಓಲಾಡುತ್ತಿದ್ದ ದೊಡ್ಡ ಹವಳ ಬಾಡಿದ ಕೊತ್ತಂಬರಿಯಂತೆ ಮುದುಡಿತು. ಇವರು ಉಪ್ಪಿನ ಚೀಲ ಬದಲಿಸಿದರು, ಫಿಲ್ಟರು ಬದಲಿಸಿದರು, ವೋಲ್ಟೇಜನ್ನು ಬೈದರು. ನನ್ನ ತಮ್ಮ ಫೋನಿನಲ್ಲಿ, "ಯೂರಿಯಾ ಜಾಸ್ತಿ ಆಗೈತ್ರಿ ಮಾಮಾ, ಕಬ್ಬ ಹಚ್ಚಿ ಬಿಡ್ರಿ" ಎಂದ. ಕೊನೆಗೆ, ಹುಡುಗರಿಗೆ ಮೂಢನಂಬಿಕೆ ಬಿಡಿ ಎಂದು ಪಾಠ ಹೇಳುವ ನಮ್ಮ ಮಾಸ್ತರರು, ಹುಣ್ಣಿಮೆ ಅಮಾವಾಸ್ಯೆಗೆ ಸಮುದ್ರ ಉಕ್ಕುವಂತೆ ಪೆಟ್ಟಿಗೆಯ ನೀರಿಗೂ ಏನಾದರೂ ಆಗುತ್ತಿರಬಹುದೇ ಎಂದು ನೋಟುಬುಕ್ಕು ಹಿಡಿದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಬೆರಳು ಅಮಾವಾಸ್ಯೆಯ ಮೇಲಿತ್ತು. ಅಲ್ಲಿಂದ ನಾಲ್ಕು ಮನೆ ಹಿಂದೆ ಸರಿದರೆ ಏಕಾದಶಿ. ನಾನು ಒಳಗೆ ಹೋಗಿ ಕುಕ್ಕರಿನ ಸೀಟಿ ಹೊಡೆಸಿದೆ.

ಆಗಲೇ ಹೇಳಬೇಕಿತ್ತು. ಆದರೆ ನನಗೂ ಪೂರ್ತಿ ಖಾತ್ರಿಯಿರಲಿಲ್ಲ. ನೈವೇದ್ಯದಿಂದ ಕೆಡುಕಾಗುತ್ತದೆ ಎಂದು ಯಾವ ಬಾಯಿಂದ ಹೇಳುವುದು? ಅಷ್ಟರಲ್ಲಿ ಇವರು ನಿಪ್ಪಾಣಿಯ ಮೀನಿನ ಅಂಗಡಿಯವನಿಗೆ ಫೋನು ಹಚ್ಚಿ, "ಕಡೀದಾಗಿ ಒಂದ ಉಪಾಯ ಹೇಳ್ರಿ. ಆಗಲಿಲ್ಲಂದ್ರ ಹವಳ, ಮೀನ ಎಲ್ಲಾ ನಿಮಗ ವಾಪಸ್ ಕೊಡ್ತೀನಿ" ಎಂದರು. ಧ್ವನಿ ಸಣ್ಣಗಾಗಿತ್ತು. ಸ್ಪೀಕರಿನಲ್ಲಿ ಅವನ ಮಾತು ಮನೆಯೆಲ್ಲ ಕೇಳಿತು: "ಸರ್, ಟೆನ್ಶನ್ ಘೇಊ ನಕಾ, ತಗೋಬ್ಯಾಡ್ರಿ. ದಿನಾ ನಾಕ್ ಹನಿ ವೋಡ್ಕಾ ಹಾಕ್ರಿ. ನೀರಾಗಿನ ಬ್ಯಾಕ್ಟೀರಿಯಾ ಅದನ್ನ ಕುಡದ ಬೆಳೀತಾವ, ಬೆಳ್ಯಾಕ ನೈಟ್ರೇಟ್ ತಿಂತಾವ. ಎಲ್ಲಾರೂ ಮಾಡ್ತಾರ."

ಜಪಮಾಲೆ ಹಿಡಿದು ಕೂತಿದ್ದ ನಮ್ಮ ಅತ್ತೆಯವರು ತಲೆ ಎತ್ತಿದರು. "ಏನ ಹಾಕಂದಾ, ಪಾಂಡು?"

"ಔಷಧ, ಅವ್ವಾ."

"ಚೊಲೋ ಔಷಧ ಆದ್ರ ನನ್ನ ಮೊಣಕಾಲಿಗೂ ಒಂದೀಟ ತಾ."

ಇವರು ಕೈಚೀಲ ತೆಗೆದರು. ಮೇಲೆ ಹಾಕಲು ಹಳೆಯ ಪೇಪರೂ ತೆಗೆದರು. ತುಳಸಿಮಾಲೆಯನ್ನು ಅಂಗಿಯ ಒಳಗೆ ಸೇರಿಸಿ ಗುಂಡಿ ಹಾಕಿಕೊಂಡರು. ಮೂರು ತಲೆಮಾರು ಪಂಢರಪುರಕ್ಕೆ ನಡೆದುಹೋದ ಮನೆತನ. ಈ ಮನುಷ್ಯ ನನ್ನ ಒಂದು ಚಿಟಿಕೆ ಖಿಚಡಿಗಾಗಿ ತನ್ನ ವಿದ್ಯಾರ್ಥಿಗಳೆಲ್ಲ ನೋಡುವಂತೆ ಬಸ್‌ಸ್ಟ್ಯಾಂಡಿನ ದಾರಿಯ ಸೆರೆಯಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲಲು ಹೊರಟಿದ್ದಾರೆ.

"ರೀ, ನಿಂದರ್ರಿ" ಎಂದೆ.

"ಏನರ ತರೂದೈತೇನ?"

"ಏನೂ ತರೂದ ಬ್ಯಾಡ್ರಿ. ಏಕಾದಶಿಗೊಮ್ಮೆ ನಾ ಅವಕ್ಕ ಸಾಬೂದಾನಿ ಖಿಚಡಿ ಹಾಕೀನ್ರಿ."

ಅವರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತರು. "ಯಾರಿಗೆ? ಮೀನಿಗೆ?"

"ಒಂದ ಚಿಟಿಕೀರಿ. ಮ್ಯಾಲ ಶೇಂಗಾ ಪುಡಿ. ಹಸಿಮೆಣಸಿನಕಾಯಿ ಆರಿಸಿ ತಗದೀನ್ರಿ."

"ಅದೊಂದ ಉಪಕಾರ ಮಾಡೀದಿ" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು. ನೋಟುಬುಕ್ಕು ತೆಗೆದು ಕ್ಯಾಲೆಂಡರಿಗೆ ಹಿಡಿದರು. ನಾಲ್ಕು ಏಕಾದಶಿ, ನಾಲ್ಕು ಕೆಂಪು. ಬೈಯುತ್ತಾರೆಂದು ಸೆರಗು ಹಿಂಡುತ್ತಾ ನಿಂತಿದ್ದೆ. ಅವರ ಭುಜ ಅಲುಗುತ್ತಿತ್ತು, ನೋಡಿದರೆ ನಗುತ್ತಿದ್ದರು. ಅತ್ತೆಯವರು ನಿಪ್ಪಾಣಿ ಕಡೆಯವರು, ಗಾದೆಗೆ ಬರವಿಲ್ಲ. "ಏಕಾದಶಿ, ದುಪ್ಪಟ್ ಖಾಶಿ ಅಂತಾರ ನಮ್ಮ ಕಡೆ. ಉಪಾಸದ ದಿನಾನ ಎರಡ ಪಟ್ಟ ತಿನ್ನೂದು. ಮನಷ್ಯಾರ ಅಷ್ಟ ಹಂಗ ಅಂದ್ಕೊಂಡಿದ್ನಿ" ಎಂದು ಜಪಕ್ಕೆ ಮರಳಿದರು.

ತೀರ್ಪು ಹೀಗಾಯಿತು: ಏಕಾದಶಿಗೆ ಮೀನಿಗೆ ಸಿಗಡಿಯೂ ಇಲ್ಲ, ಖಿಚಡಿಯೂ ಇಲ್ಲ. ಒಂದು ದಿನ ಹಸಿದರೆ ಅವಕ್ಕೆ ಒಳ್ಳೆಯದೇ ಅಂತೆ. "ಅಂದ್ರ ನಿರಾಹಾರ ಏನ್ರಿ?" ಎಂದು ಕೇಳಿದೆ. "ನಿರಾಹಾರ. ನಿರ್ಜಲ ಒಂದ ಮಾಡ್ಸಾಕ ಬರಂಗಿಲ್ಲ" ಎಂದರು. ಕಲ್ಲಿನ ಸಂದಿಯ ಸಾಬೂದಾನಿಯನ್ನೆಲ್ಲ ಕೊಳವೆಯಿಂದ ಎಳೆದು ತೆಗೆದರು. ತಿಂಗಳೊಪ್ಪತ್ತಿಗೆ ನಳಿಕೆ ಹಳದಿಗೆ ಬಂದು ನಿಂತಿತು. ಹವಳ ಒಂದೊಂದೇ ಬೆರಳು ಬಿಚ್ಚಿತು. ಈಗ ನಮ್ಮ ಮನೆಯಲ್ಲಿ ಏಕಾದಶಿಯನ್ನು ಸರಿಯಾಗಿ ಮಾಡುವವು ಆ ಎರಡು ಮೀನು ಮಾತ್ರ. ನಾನು ಖಿಚಡಿಯ ತಾಟು ಹಿಡಿದು ಆ ಕೋಣೆ ದಾಟುವಾಗ ಗಾಜಿಗೆ ಮೂತಿ ಹಚ್ಚಿ ನೋಡುತ್ತವೆ.

ಅವು ಹಾಗೆ ನೋಡುವುದರ ಅರ್ಥ ನನಗಾದದ್ದು ಮೊನ್ನೆ. ಕಾಲು ಜೋಮು ಹಿಡಿಯುತ್ತದೆಂದು ಡಾಕ್ಟರಿಗೆ ತೋರಿಸಿದರೆ, ಉಪವಾಸ ಬಂದು ರಕ್ತ ಕೊಡಿ ಎಂದರು. ಪುಣ್ಯಕ್ಕೆ ಮರುದಿನವೇ ಏಕಾದಶಿ. ಎರಡೂ ಒಂದರಲ್ಲೇ ಆಯಿತೆಂದು ಹಿಗ್ಗಿದೆ. ಲ್ಯಾಬಿನ ಹುಡುಗಿ, "ಉಪಾಸ ಬಂದೀರೇನ್ರಿ ಅಕ್ಕಾರ?" ಎಂದು ಕೇಳಿದಳು. "ಕಟ್ಟುನಿಟ್ಟ ಉಪಾಸ ತಂಗಿ" ಎಂದು ಎದೆ ಎತ್ತಿ ತೋಳು ಚಾಚಿದೆ. ರಿಪೋರ್ಟು ನೋಡಿ ಇವರ ಹುಬ್ಬು ಹಣೆಗೇರಿತು. "ಬೆಳಿಗ್ಗೆ ಏನ ತಿಂದಿದ್ದಿ?" "ಉಪಾಸಿದ್ನಿರಿ. ಬರೇ ಖಿಚಡಿ. ಎರಡ ಗೆಣಸ, ಬೆಲ್ಲಾ ಹಚ್ಚಿ."

ಅವರು ಮೀನಿನ ನೋಟುಬುಕ್ಕು ತಂದು, ನೈಟ್ರೇಟಿನ ಪಕ್ಕದಲ್ಲಿ ಒಂದು ಗೆರೆ ಎಳೆದು, ನನ್ನ ಹೆಸರು ಬರೆದು, ಕೆಳಗೆ ಕೆಂಪು ಪೆನ್ನಿನಲ್ಲಿ ನನ್ನ ಸಕ್ಕರೆ ದಾಖಲಿಸಿದರು. ನಿಜವಾದ ಉಪವಾಸ ಮಾಡಿ ಮತ್ತೆ ರಕ್ತ ಕೊಟ್ಟೆ. ಇಳಿಯಿತು, ಪೂರ್ತಿ ಇಳಿಯಲಿಲ್ಲ. ಡಾಕ್ಟರು ಅನ್ನ ಕಡಿಮೆ ಮಾಡಿ ಎಂದರು, ದಿನಾ ನಡೆಯಿರಿ ಎಂದರು, ಒಂದು ಗುಳಿಗೆ ಬರೆದರು. ನಾಲ್ಕು ಹನಿ ವೋಡ್ಕಾ ಮಾತ್ರ ಬರೆಯಲಿಲ್ಲ. ಪಾಂಡುರಂಗ ದೊಡ್ಡವನು.