ರಜೆ ಮೇಲೆ ಹೋದವರನ್ನೂ ಎಣಿಸಿದ್ದು

ಅರ್ಧ ತಿಳಿದುಕೊಂಡು ಪೂರ್ತಿ ಮಾತಾಡುವುದು ನನ್ನ ಹಳೆಯ ಚಾಳಿ. ಹಾಗಾಗಿ ಮುಖ ಮುಚ್ಚಿಕೊಳ್ಳುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಆಸ್ಟಿನ್‌ನಲ್ಲಿ ಇತಿಹಾಸದ ಪಿಎಚ್.ಡಿ. ಮಾಡುತ್ತಿದ್ದೆ. ಬ್ರಿಟಿಷರ ಕಾಲದ ಮದ್ರಾಸ್ ಖಜಾನೆ ಇಲಾಖೆಯಲ್ಲಿ ಎಷ್ಟು ಜನ ಕೆಲಸಕ್ಕಿದ್ದರು, ಅವರ ಸಂಬಳಕ್ಕೆ ಬಜೆಟ್ಟಿನಲ್ಲಿ ಎಷ್ಟು ಇಡುತ್ತಿದ್ದರು ಎಂಬುದು ನನ್ನ ವಿಷಯ.

ಲೂಯಿಸ್‌ವಿಲ್: ಪರಿಚಯ

ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ಊಟಕ್ಕೆ ಸೇರಿದ್ದೆವು. ನನ್ನನ್ನು ಬಿಟ್ಟು ಎಲ್ಲರೂ ಸಾಫ್ಟ್‌ವೇರಿನವರು. ಒಬ್ಬರು ನನ್ನ ಕೆಲಸ ಏನೆಂದು ಕೇಳಿದರು. ನಾನು ಗುಮಾಸ್ತ, ಶಿರಸ್ತೇದಾರ, ನಾಣ್ಯ ಪರೀಕ್ಷಿಸುವ ಶರಾಫ ಅಂತ ಶುರು ಮಾಡಿ, ಸಾರು ಆರುವವರೆಗೆ ಬಿಡಲಿಲ್ಲ.

“ಅಂದ್ರೆ ಎಚ್.ಆರ್. ಥರಾನಾ?” ಅಂದರು.

“ಹೂಂ, ಆದ್ರೆ ಎಲ್ರೂ ಸತ್ತು ನೂರು ವರ್ಷ ಆಗಿದೆ.”

“ಹಾಗಾದ್ರೆ ಯಾರೂ ಕೆಲಸ ಬಿಟ್ಟು ಹೋಗಲ್ಲ ಬಿಡಿ. ಒಳ್ಳೇ ಕಂಪನಿ.”

ಹ್ಯೂಸ್ಟನ್: ಉಪನ್ಯಾಸ

ಅಲ್ಲಿನ ಒಂದು ವಿಚಾರ ಸಂಕಿರಣದಲ್ಲಿ ನನ್ನ ದೊಡ್ಡ ಶೋಧ ಮಂಡಿಸಿದೆ. ಪ್ರತಿ ಬೇಸಿಗೆಯಲ್ಲೂ ಖಜಾನೆಯ ಪಟ್ಟಿಯಲ್ಲಿ ಹೆಸರುಗಳು ದುಪ್ಪಟ್ಟಾಗುತ್ತಿದ್ದವು. ಸರ್ಕಾರ ಬೇಸಿಗೆಯಲ್ಲಿ ಉಬ್ಬುತ್ತಿತ್ತು, ಬಜೆಟ್ಟಿನಲ್ಲಿ ಅದನ್ನು ಮುಚ್ಚಿಡುತ್ತಿತ್ತು ಎಂದು ಮೇಜು ಕುಟ್ಟಿ ಹೇಳಿದೆ.

ಯಾರೋ ಕೇಳಿದರು, “ಬೇಸಿಗೆಯಲ್ಲೇ ಯಾಕೆ?”

ನನಗೂ ಗೊತ್ತಿರಲಿಲ್ಲ. “ಸೆಕೆಗೆ ಒಬ್ಬರ ಕೆಲಸ ಇಬ್ಬರು ಮಾಡಬೇಕಾಗುತ್ತಿತ್ತು” ಅಂದುಬಿಟ್ಟೆ.

ನನ್ನ ಪ್ರೊಫೆಸರ್ ಮುಂದಿನ ಸಾಲಿನಿಂದ ಚಪ್ಪಾಳೆ ತಟ್ಟಿದರು. ಈ ಶೋಧವಿದ್ದ ಅಧ್ಯಾಯ ಸೋಮವಾರ ನನ್ನ ಪಿಎಚ್.ಡಿ. ಸಮಿತಿಯಲ್ಲಿ ಪಾಸಾದರೆ ಫೆಲೋಶಿಪ್ ಮುಂದುವರಿಯುತ್ತದೆ, ಇಲ್ಲದಿದ್ದರೆ ನಾನು ಗಂಟುಮೂಟೆ ಕಟ್ಟಬೇಕು. ಸೆಕೆಯ ಉತ್ತರವನ್ನು ಅಷ್ಟೂ ವಿದ್ವಾಂಸರು ಬರೆದುಕೊಂಡರು.

ಫ್ರಿಸ್ಕೋ: ಊಟದ ಮೇಜು

ಆ ಶನಿವಾರ ಪರಿಚಯದ ಅಂಕಲ್, ಆಂಟಿ ಮನೆಗೆ ಹೋಗಿದ್ದೆ. ಧಾರವಾಡದಿಂದ ಅಂಕಲ್ ಅವರ ತಂದೆ ಬಂದಿದ್ದರು. ಜಿಲ್ಲಾ ಖಜಾನೆಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಅವರಿಗೇ ಖಜಾನೆಯ ಪಾಠ ಹೇಳಿದೆ, ನೋಡಿ.

ಪೂರ್ತಿ ಕೇಳಿದ ಅಜ್ಜ ಮಗನನ್ನು ಕುರ್ಚಿಯಿಂದ ಎಬ್ಬಿಸಿದರು. “ನೀ ರಜಾ ಮ್ಯಾಲೆ ಹೋದಿ, ಏಳು.” ಸೊಸೆಗೆ ಹೇಳಿದರು, “ಅವನ ಕುರ್ಚಿಗೆ ಹಂಗಾಮಿ ನೀ ಹೋಗವಾ.” ನನ್ನ ಕಡೆ ತಿರುಗಿದರು, “ಅಕಿ ಕುರ್ಚಿಗೆ ನೀ ಬಾ ತಂಗಿ.”

ಅಂಕಲ್ ಎದ್ದು ನಿಂತರು. ನಾವಿಬ್ಬರೂ ಒಂದೊಂದು ಕುರ್ಚಿ ಸರಿದೆವು. ನನ್ನ ಕುರ್ಚಿ ಖಾಲಿಯಾಯಿತು.

“ಈಗ ನಿನ್ನ ಪಟ್ಟಿ ಬರಿ. ಕುರ್ಚಿ ಯಾರದು, ಹಂಗಾಮಿ ಕುಂತವರು ಯಾರು, ಎಲ್ಲಾ.”

ಬರೆದೆ. ಅಂಕಲ್ ಒಂದು ಸಲ, ಆಂಟಿ ಎರಡು ಸಲ, ನಾನು ಎರಡು ಸಲ, ಒಟ್ಟು ಐದು ಹೆಸರಾಯಿತು.

“ನನ್ನ ಬಿಟ್ಟು ಕುಂತವರು ಎಷ್ಟು ಮಂದಿ?”

“ಇಬ್ರು.”

ಖಜಾನೆಯಲ್ಲೂ ಹೀಗೇ, ಬೇಸಿಗೆಯಲ್ಲಿ ದೊಡ್ಡ ಸಾಹೇಬರು ಬೆಟ್ಟಕ್ಕೆ ರಜೆ ಹೋಗುತ್ತಿದ್ದರು. ಕೆಳಗಿನವರೆಲ್ಲ ಸಾಲಾಗಿ ಒಂದೊಂದು ಮೆಟ್ಟಿಲು ಹತ್ತುತ್ತಿದ್ದರು. ಒಬ್ಬೊಬ್ಬರನ್ನೂ ನಾನು ಎರಡೆರಡು ಸಲ ಎಣಿಸಿ ಬ್ರಿಟಿಷ್ ಸರ್ಕಾರದ ಮೇಲೆ ಆಪಾದನೆ ಹೊರಿಸಿದ್ದೆ. ನಾಚಿಕೆಯಿಂದ ಪಟ್ಟಿಯನ್ನು ತಟ್ಟೆಯ ಕೆಳಗೆ ತುರುಕಿದೆ.

ನಿಂತೇ ಇದ್ದ ಅಂಕಲ್ ಕೇಳಿದರು, “ಅಪ್ಪಾ, ನನ್ನ ಊಟ?”

“ರಜಾ ಮ್ಯಾಲೆ ಇದ್ದಿ, ಸುಮ್ಮನಿರು.”

ಆಸ್ಟಿನ್: ತಪ್ಪೊಪ್ಪಿಗೆ

ಮುಚ್ಚಿಡಬಹುದಿತ್ತು. ಸಮಿತಿಯವರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಡ್ರೈವ್ ಮಾಡುತ್ತ ಅದನ್ನೇ ಯೋಚಿಸಿದೆ ಅನ್ನುವುದು ಇನ್ನೊಂದು ನಾಚಿಕೆ. ಕೊನೆಗೆ ಸೋಮವಾರ ಬೆಳಿಗ್ಗೆ ಪ್ರೊಫೆಸರ್ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅಜ್ಜನ ಕುರ್ಚಿ ಪಾಠವನ್ನೂ ಹೇಳಿದೆ. ಫೆಲೋಶಿಪ್ ಹೋಯಿತೆಂದೇ ಲೆಕ್ಕ ಹಾಕಿದ್ದೆ.

ಅವರು ಬೈಯಲಿಲ್ಲ. ಎದ್ದು ಬಾಗಿಲು ಹಾಕಿದರು. ಕಪಾಟಿನಿಂದ ತಮ್ಮ ಹೆಸರಾಂತ ಪುಸ್ತಕ ತೆಗೆದು, ಒಂದು ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿದರು. ಮತ್ತೆ ಎಣಿಸಿದರು. ಮುಖ ಕೆಂಪಾಯಿತು. ಅವರೂ ನನ್ನ ಹಾಗೆಯೇ ಎಣಿಸಿದ್ದರು, ಅದೂ ಇಪ್ಪತ್ತು ವರ್ಷದ ಹಿಂದೆ.

“ಸಮಿತಿಯನ್ನು ಮುಂದಿನ ಸೆಮಿಸ್ಟರ್‌ಗೆ ಹಾಕೋಣ. ಅಷ್ಟರಲ್ಲಿ ಅಧ್ಯಾಯ ತಿದ್ದು” ಎಂದರು.

“ಫೆಲೋಶಿಪ್?”

ಅವರು ಪೆನ್ನು ತೆಗೆದು, ಫೆಲೋಶಿಪ್ ಮುಂದುವರಿಸುವ ಕಾಗದದ ಮೇಲಿಟ್ಟು, ಸಹಿ ಹಾಕದೆ ನನ್ನನ್ನೇ ನೋಡಿದರು.

“ಆ ಹಿರಿಯರು ಇಂಡಿಯಾಕ್ಕೆ ವಾಪಸ್ ಹೋಗುವುದು ಯಾವಾಗ?”

“ಮುಂದಿನ ತಿಂಗಳು.”

“ಆಸ್ಟಿನ್ ಕಡೆ ಬರುವುದಿಲ್ಲ ತಾನೇ?”

“ಇಲ್ಲ ಸರ್” ಅಂದೆ. ಆಮೇಲೆ ಸಹಿ ಹಾಕಿದರು.