ಚುರುಮುರಿ ಭಟ್ಟಿಯ ಹೊಗೆ, ನನ್ನ ನೋಟೀಸು

ಹೊಗೆ ಬಿಡಿಸಲು ಹೋದಾಗಲೆಲ್ಲ ಮಸಿ ನನ್ನ ಮುಖಕ್ಕೇ ಬಳಿದುಕೊಂಡಿದೆ. ಒಂದು ಸಲವಲ್ಲ, ನೌಕರಿ ಮುಗಿಯುವವರೆಗೂ. ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದಲ್ಲಿ ಆರೋಗ್ಯ ಇನ್ಸ್‌ಪೆಕ್ಟರ್. ಊರ ಹೊಗೆಯ ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಮನೆಯಲ್ಲೂ ಒಂದು ಚಿಂತೆಯಿತ್ತು: ಹೆಂಡತಿಯ ಕೆಮ್ಮು. ಹಿತ್ತಲಾಚೆಯ ಚುರುಮುರಿ ಭಟ್ಟಿಯೇ ಅದಕ್ಕೆ ಕಾರಣವೆಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

೧. ಇಂಜಿನ್ನಿಗೆ ನೋಟೀಸು

ಬಿಸಿಲಿಗೆ ಹರವಿದ ಸಂಡಿಗೆಯ ಮೇಲೆ ರೈಲಿನ ಮಸಿ ಬೀಳುತ್ತದೆಂದು ಸ್ಟೇಷನ್ ಹತ್ತಿರದ ಹೆಂಗಸರು ದೂರು ಕೊಟ್ಟರು. ನನಗಾಗ ಹೊಸ ಹುರುಪು. ನೋಟೀಸು ಬರೆದುಕೊಂಡು ಹೋಗಿ ಡ್ರೈವರನ ಮುಂದೆ ಹಿಡಿದೆ.

"ನನ್ನ ಕೈ ಹೊಲಸ ಅದಾವ್ರಿ ಸಾಹೇಬ್ರ, ಅಲ್ಲೇ ಗಾಡಿಗೆ ಹಚ್ರಿ" ಅಂದ.

ನಾನೂ ಅಂಟು ಸವರಿ ಇಂಜಿನ್ನಿನ ಹೊಟ್ಟೆಗೇ ಹಚ್ಚಿದೆ. ಸೀಟಿ ಹಾಕುವುದರೊಳಗೆ ಕಾಗದ ಕಂದಾಗಿ, ಕರಿದಾಗಿ, ಹೊಗೆಯಾಡತೊಡಗಿತು.

"ಈಗ ನಿಮ್ದೂ ಸ್ವಲ್ಪ ಕೂಡ್ತಲ್ರಿ" ಎಂದು ನಕ್ಕು ಗಾಡಿ ಬಿಟ್ಟ.

೨. ಸೂಸಲದ ತಪಾಸಣೆ

ಇಂಜಿನ್ ಕೈಗೆ ಸಿಗಲಿಲ್ಲ, ಭಟ್ಟಿ ಸಿಕ್ಕಿತು. ಭಟ್ಟಿಯವನು ಶೇಂಗಾ ಸಿಪ್ಪೆಯ ಜೊತೆ ಲಾರಿಯ ಹಳೇ ಟೈರನ್ನೂ ತುಂಡು ಮಾಡಿ ಉರಿಸುತ್ತಿದ್ದ. ನಾನು ಮೂಲೆ ತಿರುಗುವುದರೊಳಗೆ ಟೈರು ಚೀಲದ ಕೆಳಗೆ ಅಡಗುತ್ತಿತ್ತು, ನೆನೆಸಿದ ಚುರುಮುರಿಗೆ ಒಗ್ಗರಣೆ ಬೀಳುತ್ತಿತ್ತು.

"ಸೂಸಲಾ ಬಿಸಿ ಐತ್ರಿ, ಮೊದಲ ತಿನ್ರಿ. ಹೊಗಿ ಎಲ್ಲಿ ಓಡಿ ಹೋಗ್ತೈತಿ?"

ತಿಂದವನು ಏನು ಬರೆದಾನು? 'ಹೊಗೆ ಕಂಡುಬಂದಿಲ್ಲ' ಎಂದು ಬರೆದೆ. ಮನೆಗೂ ಒಂದು ಪೊಟ್ಟಣ ಬರುತ್ತಿತ್ತು. ಆ ವರದಿಗಳು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಹೆಂಡತಿ ಕೆಮ್ಮುತ್ತಲೇ ಪೊಟ್ಟಣ ಬಿಚ್ಚಿ, "ಇವತ್ತೂ ಹೊಗಿ ಕಾಣ್ಲಿಲ್ಲೇನ್ರಿ? ಖಾರ ಮಾತ್ರ ಛಲೋ ಐತಿ" ಅನ್ನುತ್ತಿದ್ದಳು.

೩. ಎತ್ತರದ ಚಿಮಣಿ

ಕೆಮ್ಮು ಜೋರಾದಾಗ ನನಗೂ ಸಿಟ್ಟು ನೆತ್ತಿಗೇರಿತು. ಚಿಮಣಿ ಎತ್ತರ ಮಾಡೆಂದು ಆದೇಶ ಕೊಟ್ಟೆ. ಪಾಪ, ಮಾಡಿದ. ತೊರವಿ ಕಡೆಯ ಗಾಳಿ ಬೀಸಿದ್ದೇ ತಡ, ಹೊಗೆ ನಮ್ಮ ಮನೆ ದಾಟಿ ಮುಂದಿನ ಓಣಿಯವರ ಶಾವಿಗೆಯ ಮೇಲೆ ಇಳಿಯಿತು. ಅಲ್ಲಿಯ ಹಿರಿಯಳೊಬ್ಬಳು ಶಾವಿಗೆ ಹರವಿದ ಹಗ್ಗದ ಹೊರಸು ಮಂಚವನ್ನೇ ಹೊರಿಸಿಕೊಂಡು ಬಂದು ನಮ್ಮ ಕಟ್ಟೆಯ ಮುಂದೆ ಇಳಿಸಿದಳು.

"ಚಿಮಣಿ ಎತ್ತರ ಮಾಡ್ಸಿದಾವ ನೀನ ಅಲ್ಲೇನೋ ಯಪ್ಪಾ? ಹಂಗಾರ ಇದನ್ನ ಉಣ್ಣಾವನೂ ನೀನ!"

ಒಂದು ತಿಂಗಳು ಕರಿ ಶಾವಿಗೆ ಉಂಡೆವು. ಆ ಅವಮಾನಕ್ಕೆ ಭಟ್ಟಿಯನ್ನೇ ಎತ್ತಿಸಿದೆ. ಅವನು ಹೆಂಡತಿ, ಮಕ್ಕಳು, ಕಡಾಯಿ ಸಮೇತ ತಿಕೋಟಾಕ್ಕೆ ಹೊರಟ. ಹೋಗುವಾಗಲೂ ಬೈಯಲಿಲ್ಲ. "ಅಕ್ಕಾರ ಕೆಮ್ಮು ಒಂದ ಹೋದ್ರ ಸಾಕ್ರಿ" ಅಂದ. ಬೈದಿದ್ದರೇ ಚೆನ್ನಾಗಿತ್ತು.

೪. ಡಾಕ್ಟರರ ಪ್ರಶ್ನೆ

ಆರು ತಿಂಗಳು ಕಳೆದರೂ ಕೆಮ್ಮು ಹೋಗಲಿಲ್ಲ. ವಯಸ್ಸಾದ ಡಾಕ್ಟರರೊಬ್ಬರ ಬಳಿ ಅವಳನ್ನು ಕರೆದೊಯ್ದೆ.

"ಮನಿ ಹತ್ರ ಹೊಗಿ ಏನರ ಐತೇನು?" ಎಂದರು.

"ಇತ್ರಿ. ನಾನ ಎತ್ತಿಸೀನಿ" ಎಂದು ಎದೆ ಉಬ್ಬಿಸಿದೆ.

ಅವರು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. "ಒಲಿ ಹೊಗಿ ಎಲ್ಲಿಂದ ಹೊರಗ ಹೋಗ್ತೈತಿ, ತಂಗಿ?"

"ಮ್ಯಾಳಿಗಿ ಬೆಳಕಿಂಡಿಯಿಂದ ಹೋಗ್ತಿತ್ರಿ. ಇವ್ರು ಅದರ ಮ್ಯಾಲ ಕಲ್ಲು ಮುಚ್ಚಿಸ್ಯಾರ."

"ಯಾಕ?"

"ಭಟ್ಟಿ ಹೊಗಿ ಒಳಗ ಬಂದು ನನಗ ಕೆಮ್ಮು ಹತ್ತಬಾರದಂತ್ರಿ."

"ಕೆಮ್ಮು ಯಾವಾಗ ಹತ್ತಿತು?"

"ಕಲ್ಲು ಮುಚ್ಚಿಸಿದ ಮ್ಯಾಲ್ರಿ."

ಡಾಕ್ಟರರು ಪೆನ್ನು ಕೆಳಗಿಟ್ಟರು. ನನ್ನ ಕಣ್ಣ ಮುಂದೆ ತಿಕೋಟಾದ ದಾರಿ ಹಿಡಿದ ಆ ಕಡಾಯಿ ಬಂತು. ಸುಮ್ಮಸುಮ್ಮನೆ ಒಂದು ಸಂಸಾರವನ್ನು ಎಬ್ಬಿಸಿದ್ದೆ, ಇನ್ನೊಂದಕ್ಕೆ ಹೊಗೆ ಕುಡಿಸಿದ್ದೆ. ಹೆಂಡತಿಯ ಕಡೆ ತಿರುಗಿದೆ.

"ಇಷ್ಟು ದಿನ ನನಗ್ಯಾಕ ಹೇಳ್ಲಿಲ್ಲ?" ಎಂದೆ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಡಾಕ್ಟರರಿಗೇ ಹೇಳಿದಳು: "ಊರ ಹೊಗಿ ಎಲ್ಲಾ ನೋಡಾವ್ರು ಇವ್ರು. ನಮ್ಮ ಮನಿ ಹೊಗಿ ಇವ್ರಿಗೆ ಗೊತ್ತಿರ್ತೈತಿ ಅಂತ ಸುಮ್ನಿದ್ದೆರಿ."