ಸೋಮವಾರ ಸಂಜೆ ನಾನು ತೀರಿಕೊಂಡದ್ದು

ಅಚ್ಚಾದದ್ದನ್ನು ಮಾತ್ರ ನಂಬುತ್ತೇನೆ, ಬಾಯಿಮಾತಿಗೆ ಕವಡೆ ಕಿಮ್ಮತ್ತು ಕೊಡುವುದಿಲ್ಲ ಎಂದು ನಾನು ಮದ್ದೂರಿನ ಬೀದಿಬೀದಿಯಲ್ಲಿ ಸಾರಿಕೊಂಡು ತಿರುಗುತ್ತಿದ್ದ ಕಾಲ ಅದು. ಎಪ್ಪತ್ತಮೂರನೇ ಇಸವಿ. ನಾನು ಹೈಸ್ಕೂಲು ಮೇಷ್ಟ್ರು ಪಾರ್ಥಸಾರಥಿ; ಅಂದಮೇಲೆ ಸತ್ಯದ ಗುತ್ತಿಗೆ ನನ್ನದೇ ತಾನೆ! ಪ್ರತಿ ಶುಕ್ರವಾರ ಮಳವಳ್ಳಿಯಿಂದ ಬರುವ ವಾರಪತ್ರಿಕೆಯನ್ನು ಜಗುಲಿಯಲ್ಲಿ ಕೂತು, ಓದು ಬಾರದ ಹಾಲಿನ ದೇವಿರಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಇದೆಲ್ಲ ದಿಟವೇ ಎಂದು ಆಕೆ ಕೇಳಿದರೆ, "ಅಚ್ಚಾದದ್ದು ಸುಳ್ಳಾಗಲ್ಲ ದೇವಿರಮ್ಮ" ಎನ್ನುತ್ತಿದ್ದೆ.

ದಸರಾ ರಜೆಯ ಒಂದು ಸೋಮವಾರ. ಸಂಜೆ ಆರಕ್ಕೆ ಹಿತ್ತಲಲ್ಲಿ ಒಣಗಿದ ಪಂಚೆ ತೆಗೆಯುತ್ತಿದ್ದೆ. ಕಾಗೆಯೊಂದು ಸರ್ರನೆ ಬಂದು ನನ್ನ ಬೋಳು ನೆತ್ತಿಗೆ ಕುಕ್ಕಿತು! ಬೆಚ್ಚಿ ಹಿಂದೆ ಸರಿದವನು ಒಗೆಯುವ ಕಲ್ಲಿಗೆ ಎಡವಿ ಬಿದ್ದೆ. ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಹೆಂಡತಿ ಪಂಕಜ ಬಿಳಿಚಿಕೊಂಡು ನಿಂತಿದ್ದಳು. ಒಳಗೆ ಮಲಗಿಸಿ, ನಾಲ್ಕು ದಿನ ಹೊಸಿಲು ದಾಟಬೇಡಿ ಎಂದಳು. ಅಷ್ಟೇ, ಆಮೇಲೆ ನನ್ನ ಮುಖ ನೋಡಿ ಮಾತಾಡಲೇ ಇಲ್ಲ. ತಟ್ಟೆ ಇಟ್ಟು ಸುಮ್ಮನೆ ಹೋಗಿಬಿಡುವಳು. ಅಡುಗೆಮನೆಯಿಂದ ಬಿಕ್ಕುವ ಸದ್ದು ಕೇಳಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಜಗುಲಿಗೆ ಬಂದು ಕೂತೆ. ಅಂಚೆಯ ಮರಿಯಯ್ಯ ನನ್ನನ್ನು ಕಂಡವನೇ ಪತ್ರಿಕೆಯನ್ನು ಬೀದಿಯಿಂದಲೇ ಎಸೆದು, ಸೈಕಲ್ಲು ತುಳಿದುಕೊಂಡು ಮಾಯವಾದ. ಬಿಡಿಸಿ ನೋಡಿದೆ. ಮೂರನೇ ಪುಟದಲ್ಲಿ ನಾನಿದ್ದೆ!

"ಮದ್ದೂರಿನ ಉಪಾಧ್ಯಾಯ ಶ್ರೀ ಪಾರ್ಥಸಾರಥಿಯವರು ಸೋಮವಾರ ಸಂಜೆ ಆರು ಗಂಟೆಗೆ ಹಠಾತ್ತನೆ ನಿಧನರಾದರು. ಮೃತರು ಸತ್ಯನಿಷ್ಠರಾಗಿದ್ದರು."

ನಕ್ಕೆ. ನಗು ಅರ್ಧಕ್ಕೇ ನಿಂತಿತು. ಸೋಮವಾರ ಸಂಜೆ ಆರು ಗಂಟೆ! ಕಣ್ಣು ಕತ್ತಲಿಟ್ಟದ್ದು ನಿಜ. ಹೆಂಡತಿ ಅಳುತ್ತಿರುವುದೂ ನಿಜ. ಅಂದಿನಿಂದ ಯಾರೂ ನನ್ನನ್ನು ಮಾತಾಡಿಸಿಲ್ಲ. ಮಣಿಕಟ್ಟು ಹಿಡಿದು ನಾಡಿ ಹುಡುಕಿದೆ, ಸಿಗಲಿಲ್ಲ. ಇನ್ನೊಂದು ಕೈಯಲ್ಲೂ ಇಲ್ಲ.

ಅಷ್ಟರಲ್ಲಿ ದೇವಿರಮ್ಮ ಬಂದಳು. ಮರಿಯಯ್ಯ ದಾರಿಯುದ್ದಕ್ಕೂ ಸುದ್ದಿ ಓದಿ ಹೇಳಿದ್ದನಂತೆ. ನನ್ನನ್ನು ಕಂಡು ಕಣ್ಣು ಮುಚ್ಚಿಕೊಂಡು ನಿಂತಳು. ಮಗುವಿಗೆ ಹೇಳುವ ಮೆತ್ತಗಿನ ದನಿಯಲ್ಲಿ ಅಂದಳು: "ಅಮ್ಮಾವ್ರ ಚಿಂತೆ ಬುಡಿ, ನಾವ್ ನೋಡ್ಕತೀವಿ. ಇಂಗೆ ಜಗುಲಿ ಮ್ಯಾಲೆ ಕುಂತ್ಕಬ್ಯಾಡಿ. ಓಗ್ಬುಡಿ ಮೇಷ್ಟ್ರೇ."

ಎಷ್ಟು ಅಕ್ಕರೆಯಿಂದ ಹೇಳಿದಳೆಂದರೆ, ಹೋಗಿಬಿಡೋಣವೆಂದು ನಾನು ಎದ್ದೇಬಿಟ್ಟೆ! ಆಮೇಲೆ ಹೆದರಿ ಕನ್ನಡಿಗೆ ಓಡಿದೆ. ಅದರಲ್ಲಿ ಮುಖವಿಲ್ಲ, ಒಂದು ಮಸುಕು ಆಕಾರ ಮಾತ್ರ. ಕನ್ನಡಕ ಜಗುಲಿಯಲ್ಲೇ ಉಳಿದಿದೆ ಎಂಬುದು ಆ ಹೊತ್ತಿಗೆ ಹೊಳೆಯಬೇಕಲ್ಲ!

"ಪಂಕಜ, ನಾನು ಇದೀನಾ?" ಎಂದೆ.

ಅವಳು ಸೆರಗು ಬಾಯಿಗೊತ್ತಿಕೊಂಡು ಅಳುತ್ತಲೇ ಎಲ್ಲ ಹೇಳಿದಳು. ಕಾಗೆ ತಲೆಗೆ ಬಡಿದರೆ ಸಾವಿನ ಸೂಚನೆ. ಆ ಮನುಷ್ಯ ಸತ್ತನೆಂದು ನಂಟರಿಗೆ ಸುಳ್ಳು ಸುದ್ದಿ ಕಳಿಸಿ, ಅವರು ಅತ್ತುಬಿಟ್ಟರೆ ಕೆಡುಕು ಕಳೆಯುತ್ತದೆ. ಹಾಗೆಂದು ಮಳವಳ್ಳಿಯ ತನ್ನ ಅಣ್ಣ ಕಸ್ತೂರಿರಂಗನಿಗೆ ಕಾಗದ ಹಾಕಿದ್ದಳು. ಮರುದಿನ ನಿಜ ತಿಳಿಸಿ ಇನ್ನೊಂದು. ಆದರೆ ಭಾವಮೈದ ಆ ಪತ್ರಿಕೆಯ ಬಾತ್ಮೀದಾರ! ಎರಡನೇ ಕಾಗದ ಕೈಸೇರಿ ಅವನು ಇಲ್ಲಿಗೆ ಹೊರಡುವುದು ನಿಂತಿತಾದರೂ, ಅಷ್ಟರಲ್ಲಿ ಅತ್ತೂ ಆಗಿತ್ತು, ಅಚ್ಚೂ ಆಗಿತ್ತು.

"ನಿಮಗೆ ಹೇಳಿದ್ರೆ ನಗ್ತಿದ್ರಿ. ಸುಳ್ಳು ಬರೆದು ನಿಮ್ಮ ಮುಖ ನೋಡೋಕಾಗ್ಲಿಲ್ಲ. ನಿಮಗೇನಾದ್ರೂ ಆದ್ರೆ ನಾನು ಹೇಗಿರ್ಲಿ ಹೇಳಿ" ಎಂದಳು. ನನ್ನನ್ನು ಉಳಿಸಿಕೊಳ್ಳಲೆಂದೇ ನನ್ನನ್ನು ಕೊಂದಿದ್ದಳು, ಪಾಪ!

ಬೈಗುಳವನ್ನೆಲ್ಲ ಪತ್ರಿಕೆಗೆ ಮೀಸಲಿಟ್ಟೆ. ಅಂದೇ ಬೀದಿಗಿಳಿದು, ಪೇಪರಿನಲ್ಲಿ ಬರುವುದೆಲ್ಲ ಸುಳ್ಳು, ಒಂದಕ್ಷರವನ್ನೂ ನಂಬಬೇಡಿ ಎಂದು ಕಂಡಕಂಡವರಿಗೆ ಹೇಳಿದೆ. ದೇವಿರಮ್ಮನಿಗಂತೂ ಮೂರು ಸಲ. ಉಳಿದವರು ಮುಟ್ಟಿ ನೋಡಿ ನಕ್ಕರು. ಆಕೆ ಮಾತ್ರ ಹತ್ತಿರ ಬರಲಿಲ್ಲ. ವಾರವಿಡೀ ಕಣ್ಣು ಮುಚ್ಚಿಕೊಂಡೇ ಹಾಲಿಟ್ಟು ಹೋದಳು. ಆಕೆ ಹಾಗೆ ಹೋದಾಗಲೆಲ್ಲ ನಾನು ಮೆಲ್ಲಗೆ ನಾಡಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮುಂದಿನ ಶುಕ್ರವಾರ ತಿದ್ದುಪಡಿ ಬಂತು! ಬಾಗಿಲಲ್ಲೇ ಕಾದಿದ್ದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದೆ: "ಶ್ರೀ ಪಾರ್ಥಸಾರಥಿಯವರು ಜೀವಂತವಾಗಿದ್ದಾರೆ." ಈಗಲಾದರೂ ಒಪ್ಪಿಕೋ ದೇವಿರಮ್ಮ ಎಂದೆ.

ಆಕೆ ಕಣ್ಣು ತೆರೆಯಲಿಲ್ಲ.

"ಪೇಪರ್ನಾಗೆ ಬರಾದೆಲ್ಲ ಸುಳ್ಳು ಅಂತ ನೀವೇ ಯೋಳಿದ್ರಲ್ಲ ಮೇಷ್ಟ್ರೇ" ಎಂದು ಹಾಲನ್ನು ನನ್ನ ಮುಂದಿಟ್ಟು, ಹಿಂದಿರುಗಿ ನೋಡದೆ ಹೊರಟುಹೋದಳು.